ತಂತಿಯಾಚೆಯ ಮಣ್ಣು

ನಸಾರಿಯೊನನ್ನು ಕೊಂದ ಮೇಲೆ ಅವರು ಅವನನ್ನು ನಿಲ್ಲಿಸಿದರು.

ಮಲಗಿಸಬೇಕಾದ ಹೆಣ. ಅದನ್ನು ಒಂದು ಬಾಗಿಲಿನ ಹಲಗೆಗೆ ಕಟ್ಟಿದರು. ಎದೆಗೊಂದು ಪಟ್ಟಿ, ಸೊಂಟಕ್ಕೊಂದು, ಮೊಣಕಾಲಿಗೊಂದು. ಕುದುರೆಗೆ ಬಿಗಿಯುವ ತೊಗಲಿನ ಪಟ್ಟಿಗಳು. ಹಲಗೆಯನ್ನು ಕಾರ್ಬಿನ್ ಪೇಟೆಯ ಕುದುರೆ ಲಾಯದ ಗೋಡೆಗೆ ಒರಗಿಸಿದರು. ತಲೆ ಮುಂದಕ್ಕೆ ಜೋಲುತ್ತಿತ್ತು. ಹಣೆಗೆ ಹುರಿ ಬಿಗಿದು, ಹುರಿ ಕಾಣದಿರಲೆಂದು ಟೋಪಿ ಇಟ್ಟರು. ಟೋಪಿ ಅವನದಲ್ಲ. ಬಲಗೈಗೆ ಪಿಸ್ತೂಲು ಸಿಕ್ಕಿಸಿದರು. ಪಿಸ್ತೂಲೂ ಅವನದಲ್ಲ. ಫೋಟೊ ತೆಗೆಯುವವನು ಮೂರು ಕಾಲಿನ ಪೆಟ್ಟಿಗೆ ತಂದಿಟ್ಟು, ಕರಿ ಬಟ್ಟೆಯೊಳಗೆ ತಲೆ ತೂರಿಸಿ, ಕೈಯಾಡಿಸಿ ಜನರನ್ನು ಪಕ್ಕಕ್ಕೆ ಸರಿಸಿದ. ಜನ ಸರಿದರು. ಅವನು ಮುಗಿಸಿದ ಕೂಡಲೇ ಮತ್ತೆ ಮುತ್ತಿದರು. ಒಬ್ಬ ಬಿಳಿಯ ತನ್ನ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ತೋರಿಸಿದ. ಡಕಾಯಿತ ಅಂದರೆ ಹೀಗಿರುತ್ತಾನೆ ನೋಡು ಅಂತ.

ನಸಾರಿಯೊ ಸತ್ತದ್ದು ಬೆನ್ನಿಗೆ ಗುಂಡು ಬಿದ್ದು. ಫೋಟೊದಲ್ಲಿ ಬೆನ್ನು ಬರುವುದಿಲ್ಲ.

ನನ್ನ ಹೆಸರು ಸೆಲ್ಸೊ ಲುಸೆರೊ. ಅವನು ನನ್ನ ಬಾಮೈದ. ಅವನ ಅಕ್ಕ ಪೌಲಾಳನ್ನು ನಾನು ಮದುವೆಯಾಗಿದ್ದೆ. ಪೌಲಾ ಹೆರಿಗೆಯಲ್ಲಿ ಹೋದಳು, ಕೂಸೂ ಹೋಯಿತು. ಆಮೇಲೂ ನಾನು ಅತ್ತೆಯ ಮನೆಯ ಗೋಡೆಗೆ ಅಂಟಿದ ಕೋಣೆಯಲ್ಲೇ ಉಳಿದೆ. ಅತ್ತೆ ತಿಬುರ್ಸಿಯಾ, ಕೊನೆಯ ಮಗಳು ಲಿಬ್ರಾದಾ, ನಡುವಿನವನು ನಸಾರಿಯೊ. ಇಷ್ಟೇ ನನ್ನವರು.

ನಮ್ಮ ಊರು ಎಲ್ ಸೌಸ್. ಮಣ್ಣಿನ ಇಟ್ಟಿಗೆಯ ನಲವತ್ತು ಮನೆ, ಒಂದು ಚರ್ಚು. ಊರ ಸುತ್ತಲಿನ ಹುಲ್ಲುಗಾವಲು ಯಾರೊಬ್ಬನದೂ ಆಗಿರಲಿಲ್ಲ, ಊರಿನದಾಗಿತ್ತು. ಅಜ್ಜಂದಿರ ಕಾಲದಲ್ಲಿ ಸ್ಪೇನಿನ ರಾಜ ಬರೆಸಿಕೊಟ್ಟ ಕಾಗದ ಚರ್ಚಿನ ಪೆಟ್ಟಿಗೆಯಲ್ಲಿತ್ತು. ನಾವು ದನ ಕಾಯುವವರು. ಓಡುವ ಕುದುರೆಯ ಮೇಲಿಂದ ಹಗ್ಗ ಎಸೆದು ಹೋರಿ ಕೆಡವುವುದು, ಜೀನು ಹೊಲಿಯುವುದು, ಕಾದ ಕಬ್ಬಿಣದಿಂದ ಮುದ್ರೆ ಒತ್ತುವುದು, ಇವನ್ನೆಲ್ಲ ಬಿಳಿಯರು ನಮ್ಮಿಂದ ಕಲಿತರು. ಕಲಿತಾದ ಮೇಲೆ ನಮ್ಮನ್ನೇ ಆಳು ಮಾಡಿಕೊಂಡರು.

ಬಿಳಿಯರ ದನದ ಕಂಪನಿ ಬಂದದ್ದು ಸರಪಳಿ ಹಿಡಿದು ಅಳೆಯುವವರ ಜೊತೆ. ಒಬ್ಬ ವಕೀಲ ಬಂದ. ನಮ್ಮ ಕಾಗದ ನೋಡಿ ವಾಪಸು ಕೊಡುತ್ತೇನೆ ಎಂದು ತೆಗೆದುಕೊಂಡು ಹೋದ. ಇನ್ನೂ ನೋಡುತ್ತಲೇ ಇದ್ದಾನೆ. ಮರುವರ್ಷ ಗಾಡಿ ಗಾಡಿ ಮುಳ್ಳುತಂತಿ ಬಂತು.

ಆ ತಂತಿ ಎಳೆದವನು ನಾನು.

ಮುಚ್ಚಿಡುವುದಿಲ್ಲ. ಹುಲ್ಲು ಅವರ ಪಾಲಾದ ಮೇಲೆ ಕೆಲಸವೂ ಅವರ ಹತ್ತಿರವೇ ಇತ್ತು. ಸುಣ್ಣದ ಗಟ್ಟಿ ನೆಲ. ಹಾರೆ ಹಾಕಿದರೆ ಕಿಡಿ ಹಾರುತ್ತದೆ. ದಿನಕ್ಕೆ ಇಪ್ಪತ್ತು ಗುಂಡಿ ತೋಡಿ ಇಪ್ಪತ್ತು ಕಂಬ ನಿಲ್ಲಿಸಬೇಕು. ಆಮೇಲೆ ತಂತಿಯ ಸುರುಳಿ. ನೂರು ಪೌಂಡು ತೂಕ. ಅದನ್ನು ಕೋಲಿಗೆ ಪೋಣಿಸಿ ಇಬ್ಬರು ಹೊತ್ತು ಬಿಚ್ಚುತ್ತ ಹೋಗಬೇಕು. ಎಳೆದು ಬಿಗಿ ಮಾಡುವಾಗ ಜಾರಿದರೆ ತಂತಿ ಹಾವಿನ ಹಾಗೆ ಹಾರಿ ಬಂದು ಮುಖಕ್ಕೆ ಸುತ್ತಿಕೊಳ್ಳುತ್ತದೆ. ನನ್ನ ಎಡಗಿವಿಯ ಚೂರು ಆ ಬೇಲಿಯಲ್ಲೇ ಎಲ್ಲೋ ಇದೆ. ಅಂಗೈಯ ಗೆರೆಗಳು ಅಳಿಸಿಹೋಗಿವೆ.

ಕಂಪನಿಯ ಮೇಲಾಳು ಪ್ರೆಂಟಿಸ್. ನಮ್ಮ ಭಾಷೆಯನ್ನು ಹರಕುಮುರುಕಾಗಿ ಕಲಿತಿದ್ದ. ಹೆಚ್ಚಿನದೆಲ್ಲ ಅಪ್ಪಣೆಯ ಮಾತು. ನಾವು ಹದಿನಾರು ಮಂದಿ ಕೂಲಿಯವರಿದ್ದೆವು. ಹದಿನಾರು ಮಂದಿಗೂ ಅವನು ಇಟ್ಟ ಹೆಸರು ಪೆದ್ರೊ. ನಲವತ್ತು ದಾಟಿದ ನನ್ನನ್ನೂ ಬೂಟಿನ ತುದಿಯಿಂದ ತಿವಿದು ಎಬ್ಬಿಸುತ್ತಿದ್ದ.

ಬೇಲಿ ಹಾಕುತ್ತ ಹಾಕುತ್ತ ಗೋರಿಗಳ ಹತ್ತಿರ ಬಂದೆವು. ಊರಿನ ಮಸಣ ಹೊಳೆಯ ಪಕ್ಕದ ದಿಬ್ಬದ ಮೇಲೆ. ಅಳತೆಯವರು ನೆಟ್ಟ ಗುರುತಿನ ಗೂಟಗಳು ದಿಬ್ಬದ ಈಚೆಗಿದ್ದವು. ಅಂದರೆ ಹೊಳೆಯೂ ಒಳಗೆ, ಗೋರಿಗಳೂ ಒಳಗೆ. ನಾನು ಹಾರೆ ಕೆಳಗಿಟ್ಟೆ.

"ಧಣಿ, ಅಲ್ಲಿ ನಮ್ಮೋರು ಅವ್ರೆ," ಅಂದೆ. "ನನ್ನ ಹೆಂಡ್ತಿ ಅವ್ಳೆ."

ಪ್ರೆಂಟಿಸ್ ದಿಬ್ಬದ ಕಡೆ ನೋಡಿದ. "ಸತ್ತವ್ರು ಎಲ್ಲಿಗೂ ಹೋಗಲ್ಲ ಪೆದ್ರೊ. ಎಳಿ."

ನಾನು ಎಳೆದೆ. ನಾಲ್ಕು ಎಳೆ. ಬಿಗಿಯಾಗಿ ಎಳೆದೆ. ಕೆಲಸ ಸಡಿಲ ಮಾಡಿ ಗೊತ್ತಿಲ್ಲದ ಕೈ ನನ್ನದು.

ಸಂಜೆ ಬಾವಿಯ ಹತ್ತಿರ ಕೈಯ ರಕ್ತ ತೊಳೆಯುತ್ತಿದ್ದೆ. ಲಿಬ್ರಾದಾ ಕೊಡ ಇಟ್ಟು ನಿಂತಳು. ಆಗ ಅವಳಿಗೆ ಇಪ್ಪತ್ತೆರಡು. ಮಾತು ಕಡಿಮೆ. ಆಡಿದರೆ ತಪ್ಪಿಸಿಕೊಳ್ಳಲು ಜಾಗ ಬಿಡುತ್ತಿರಲಿಲ್ಲ.

"ಅಕ್ಕನ್ನೂ ಒಳಕ್ ಹಾಕಿ ಬಂದ್ಯಾ ಭಾವ?"

"ನಾನ್ ಎಳೀದಿದ್ರೆ ಇನ್ನೊಬ್ಬ ಎಳೀತಿದ್ದ."

"ಇನ್ನೊಬ್ಬ ಎಳ್ದಿದ್ರೆ ಅವ್ನನ್ನ ಬಯ್ಕೊಂಡು ಸುಮ್ನಾಗ್ತಿದ್ದೆ. ಈಗ ಯಾರ್ನ ಬೈಲಿ?"

ಅವಳು ಕೊಡ ಎತ್ತಿಕೊಂಡು ಹೋದಳು. ನೀರು ಕೆಂಪಗೆ ಹರಿದು ಕಲ್ಲಿನ ಸಂದಿಯಲ್ಲಿ ಇಂಗಿತು.

ಆ ಬೇಸಿಗೆಯಲ್ಲಿ ಬಾವಿ ಬತ್ತಿತು. ಹೊಳೆ ಇನ್ನೂರು ಹೆಜ್ಜೆ ದೂರದಲ್ಲಿ, ತಂತಿಯಾಚೆ, ಹರಿಯುತ್ತಲೇ ಇತ್ತು. ದನಗಳಿಗೆ ನೀರಿನ ವಾಸನೆ ಬರುತ್ತದೆ. ಅವು ಹೋಗಿ ತಂತಿಗೆ ಮೂತಿ ಇಟ್ಟು ನಿಂತವು. ಹಿಂದಿನವು ಮುಂದಿನವನ್ನು ತಳ್ಳಿದವು. ಮೂಗು, ಕಣ್ಣು, ಕೆಚ್ಚಲು ಹರಿದವು. ಹನ್ನೊಂದು ಹಸು ಬೇಲಿಗೆ ಒರಗಿಕೊಂಡೇ ಸತ್ತವು. ಪ್ರೆಂಟಿಸ್ ನನ್ನನ್ನೇ ಕರೆದು ಅವನ್ನು ದೂರ ಎಳೆದು ಹಾಕಿಸಿದ. ತಂತಿ ಜೋತು ಬೀಳುತ್ತದಂತೆ.

ಆಗ ನಸಾರಿಯೊ ಇಕ್ಕಳ ತೆಗೆದುಕೊಂಡು ಹೋದ.

ಕದ್ದುಮುಚ್ಚಿ ಅಲ್ಲ. ನಡು ಮಧ್ಯಾಹ್ನ, ಬಿಸಿಲು ನೆತ್ತಿಗೆ ಬಂದಾಗ. ನಾಲ್ಕು ಎಳೆ ಕಡಿದ. ದನ ನುಗ್ಗಿದವು. ಅವು ನೀರು ಕುಡಿದು ಮುಗಿಸುವ ತನಕ ಹೊಳೆಯ ದಡದಲ್ಲಿ ಕೂತಿದ್ದ. ಕಡಿದ ತಂತಿಯನ್ನು ಅಲ್ಲಲ್ಲೇ ಬಿಸಾಡದೆ ಸುರುಳಿ ಸುತ್ತಿ ಕಂಬಕ್ಕೆ ನೇತುಹಾಕಿದ್ದ. ಯಾರಾದರೂ ತುಳಿದಾರು ಅಂತ. ಅಂಥ ಡಕಾಯಿತ ಅವನು.

ಮರುದಿನ ಹರಕು ಕಟ್ಟಲು ನನ್ನನ್ನು ಕಳಿಸಿದರು. ಅವನು ಅಲ್ಲೇ ಹುಲ್ಲಿನ ಮೇಲೆ ಕಾಲು ಚಾಚಿ ಕೂತು ರೊಟ್ಟಿಗೆ ಮೆಣಸಿನಕಾಯಿ ನೆಂಚಿಕೊಂಡು ತಿನ್ನುತ್ತಿದ್ದ.

"ಕಟ್ಟು ಭಾವ, ಕಟ್ಟು," ಅಂದ. "ನೀನ್ ಕಟ್ತಾ ಇರು, ನಾನ್ ಕಡೀತಾ ಇರ್ತೀನಿ. ಇಬ್ರಿಗೂ ಕೆಲ್ಸ ತಪ್ಪಾಕಿಲ್ಲ."

"ಕೊಂದಾಕ್ತಾರೆ ಕಣ್ಲಾ."

"ಹಸು ಸತ್ವಲ್ಲ ಭಾವ. ಅವೇನ್ ತಂತಿ ಕಡ್ದಿದ್ವಾ?"

ಅವನು ಅರ್ಧ ರೊಟ್ಟಿ ಮುರಿದು ಕೊಟ್ಟ. ತಿಂದೆ. ತಿಂದು ತಂತಿ ಕಟ್ಟಿದೆ.

ಆರು ಸಲ ಕಡಿದ. ಆರು ಸಲ ಕಟ್ಟಿದೆ. ಏಳನೆಯ ಸಲಕ್ಕೆ ಪೇಟೆಯ ಗೋಡೆಗಳ ಮೇಲೆ ಡಕಾಯಿತನೆಂದು ಅವನ ಹೆಸರು ಹತ್ತಿತು. ಎಲ್ಲೋ ನೂರು ಮೈಲಿ ದೂರದಲ್ಲಿ ರೈಲು ದರೋಡೆಯಾಗಿತ್ತು. ಅದು ಅವನದಂತೆ. ಯಾವುದೋ ಊರಲ್ಲಿ ಬ್ಯಾಂಕಿನವನನ್ನು ಹೊಡೆದಿದ್ದರು. ಅದೂ ಅವನದಂತೆ. ಅವನು ರೈಲಿನ ಹೊಗೆ ನೋಡಿದ್ದನೇ ಹೊರತು ರೈಲು ಹತ್ತಿದವನಲ್ಲ. ಮನೆಗೆ ಬರುವುದು ನಿಲ್ಲಿಸಿದ. ನಾಲ್ಕು ತಿಂಗಳು ಗುಡ್ಡಗಳಲ್ಲಿ ಇದ್ದ. ಲಿಬ್ರಾದಾ ಸೌದೆಗೆ ಹೋಗುತ್ತಿದ್ದಳು. ಸೌದೆಯ ಬುಟ್ಟಿಯ ಅಡಿಯಲ್ಲಿ ಏನಿರುತ್ತದೆಂದು ಊರಿಗೆಲ್ಲ ಗೊತ್ತಿತ್ತು. ಯಾರೂ ಬಾಯಿ ಬಿಡಲಿಲ್ಲ.

ಮೇ ತಿಂಗಳಲ್ಲಿ ಒಂದು ಬೆಳಗ್ಗೆ ಅವನು ಹೊಳೆಗೆ ಇಳಿದು, ಮಂಡಿಯೂರಿ, ಬಾಯಿ ಹಚ್ಚಿ ನೀರು ಕುಡಿಯುತ್ತಿದ್ದ. ಹಿಂದಿನ ಪೊದೆಯಿಂದ ಹೊಡೆದರು. ಎರಡು ಗುಂಡು. ಪ್ರೆಂಟಿಸ್ ಇದ್ದ, ಪೇಟೆಯ ಕಾನೂನು ಕಾಯುವ ಶೆರಿಫ್ ಟಲ್ಲಿ ಇದ್ದ, ಇನ್ನು ಐವರಿದ್ದರು. ಎದುರುಬದುರು ಕಾಳಗ ನಡೆಯಿತೆಂದು ಪೇಟೆಯ ಪತ್ರಿಕೆಯಲ್ಲಿ ಬಂತು.

ಎರಡನೆಯ ದಿನ ಶೆರಿಫ್ ಎಲ್ ಸೌಸ್‌ಗೆ ಬಂದು ನಮ್ಮನ್ನೆಲ್ಲ ಹೊರಡಿಸಿದ. ಗಂಡಸರು, ಹೆಂಗಸರು, ಮುದುಕರು. ಎಂಟು ಮೈಲಿ ನಡೆಸಿಕೊಂಡು ಕಾರ್ಬಿನ್‌ಗೆ ತಂದ. ಲಾಯದ ಮುಂದೆ ಸಾಲು ನಿಲ್ಲಿಸಿದ. ನಸಾರಿಯೊ ಯಾರೆಂದು ಪ್ರೆಂಟಿಸ್‌ಗೆ ಚೆನ್ನಾಗಿ ಗೊತ್ತಿತ್ತು. ಅವರಿಗೆ ಬೇಕಾಗಿದ್ದದ್ದು ಅವನಿಗೆ ರೊಟ್ಟಿ ಕೊಟ್ಟವರು.

ಟಲ್ಲಿಗೆ ನಮ್ಮ ಭಾಷೆ ಚೆನ್ನಾಗಿ ಬರುತ್ತಿತ್ತು. ಲಾಯದ ಕಟ್ಟೆಯ ಮೇಲೆ ನಿಂತು ಹೇಳಿದ.

"ಒಬ್ಬೊಬ್ಬರೇ ಬನ್ನಿ. ಮುಖ ನೋಡಿ. ಗೊತ್ತಾ ಇಲ್ವಾ ಹೇಳಿ. ಗೊತ್ತು ಅನ್ನೋರು ಇವನ ನೆಂಟರು. ನೆಂಟರೇ ಇವನನ್ನ ಸಾಕಿದೋರು. ಅವ್ರಿಗೆ ಜೈಲು."

ಸಾಲು ಸರಿಯಿತು. ಚರ್ಚಿನ ಗಂಟೆ ಹೊಡೆಯುವ ಮುದುಕ ನಿಂತು ನೋಡಿ, ತಲೆ ಅಲ್ಲಾಡಿಸಿ, "ಗೊತ್ತಿಲ್ಲ ಸಾಮಿ," ಅಂದ. ನಸಾರಿಯೊಗೆ ಹೆಸರಿಟ್ಟ ದಿನ ನೀರು ಹಿಡಿದುಕೊಂಡಿದ್ದವನು ಅವನೇ. ಬಡಗಿ ಗೊತ್ತಿಲ್ಲ ಅಂದ. ಬಡಗಿಯ ಹೆಂಡತಿ ಗೊತ್ತಿಲ್ಲ ಅಂದಳು. ನೊಣ ಗುಂಯ್‌ಗುಟ್ಟುತ್ತಿದ್ದವು. ವಾಸನೆ ಎದ್ದಿತ್ತು. ಬಿಳಿಯರು ಕರ್ಚೀಪು ಮೂಗಿಗಿಟ್ಟುಕೊಂಡೂ ಜಾಗ ಬಿಟ್ಟು ಕದಲಿರಲಿಲ್ಲ.

ಅತ್ತೆಯ ಸರದಿ ಬಂತು. ಅವಳು ಹಲಗೆಯ ಮುಂದೆ ನಿಂತಳು. ಮುಖ ನೋಡಲಿಲ್ಲ. ಪಾದ ನೋಡಿದಳು. ಪಾದಗಳು ಬರಿದಾಗಿದ್ದವು, ಉಗುರು ಕಪ್ಪಾಗಿದ್ದವು. ಅವಳ ಕೈ ತಾನೇ ತಾನಾಗಿ ಮುಂದೆ ಹೋಯಿತು. ಅರ್ಧಕ್ಕೆ ನಿಂತಿತು. ಹಿಂದೆ ನಿಂತಿದ್ದ ಲಿಬ್ರಾದಾಳನ್ನು ಒಂದು ಸಲ ತಿರುಗಿ ನೋಡಿದಳು. ಉಳಿದಿರುವ ಒಂದು ಮಗುವನ್ನು ನೋಡಿದಳು.

"ಗೊತ್ತಿಲ್ಲ," ಅಂದಳು.

ನನ್ನ ಸರದಿ. ಮುಖ ನೋಡಿದೆ. ತುಟಿಯ ಮೇಲೆ ಹೊಳೆಯ ಕೆಸರು ಒಣಗಿತ್ತು.

"ಗೊತ್ತಿಲ್ಲ ಧಣಿ."

ಪಕ್ಕದಲ್ಲಿದ್ದ ಪ್ರೆಂಟಿಸ್ ನನ್ನ ಬೆನ್ನು ತಟ್ಟಿದ. ನಾಯಿಗೆ ತಟ್ಟುವ ಹಾಗೆ, ಎರಡು ಸಲ. "ಒಳ್ಳೆ ಪೆದ್ರೊ."

ಈಗಲೂ ಆ ಜಾಗ ಉರಿಯುತ್ತದೆ. ಆ ಬೆನ್ನನ್ನು ಎಷ್ಟು ಸಲ ಗೋಡೆಗೆ ಉಜ್ಜಿದ್ದೇನೋ.

ಲಿಬ್ರಾದಾ ಬಂದಳು. ನಿಲ್ಲಬೇಕಾದಲ್ಲಿ ನಿಲ್ಲಲಿಲ್ಲ. ನೇರ ಹಲಗೆಯ ತನಕ ನಡೆದಳು. ಮೊದಲು ಆ ಪಿಸ್ತೂಲು ಕಿತ್ತಳು. ಬೆರಳು ಸೆಟೆದಿದ್ದವು, ಒಂದೊಂದಾಗಿ ಬಿಡಿಸಿದಳು. ಪಿಸ್ತೂಲನ್ನು ಕುದುರೆಗಳು ನೀರು ಕುಡಿಯುವ ತೊಟ್ಟಿಗೆ ಎಸೆದಳು. ಆಮೇಲೆ ಟೋಪಿ ತೆಗೆದು ಎಸೆದು, ಹಣೆಯ ಹುರಿ ಬಿಚ್ಚಿದಳು.

"ಏಯ್!" ಅಂದ ಟಲ್ಲಿ.

"ಇದು ನಮ್ಮಣ್ಣ," ಅಂದಳು. ಕೂಗಲಿಲ್ಲ. ಆದರೂ ಬೀದಿಯ ಆ ತುದಿಗೆ ಕೇಳಿತು. "ನಸಾರಿಯೊ ಅರ್ಚುಲೆತಾ. ಎಲ್ ಸೌಸ್‌ನೋನು. ರೊಟ್ಟಿ ಕೊಟ್ಟೋಳು ನಾನು. ಬರ್ಕೋ."

"ಏನು ಹೇಳ್ತಾ ಇದೀಯ ಅಂತ ಗೊತ್ತೇನೇ ನಿಂಗೆ?"

"ನಿನ್ ಕಾಲಲ್ಲಿ ಇರೋ ಬೂಟೂ ನಮ್ಮಣ್ಣಂದೇ. ಹಿಮ್ಮಡಿ ಹೊಲ್ದೋಳು ನಾನು. ಸತ್ತೋನ ಕಾಲಿಂದ ಬಿಚ್ಕೊಂಡು ಹಾಕ್ಕೊಂಡಿದೀಯಲ್ಲ, ನಮ್ಮಣ್ಣ ಕಳ್ಳನಾ ನೀನಾ?"

ಬಿಳಿಯರಲ್ಲಿ ನಮ್ಮ ಭಾಷೆ ಬಲ್ಲ ಯಾರೋ ನಕ್ಕರು. ಎಲ್ಲರ ಕಣ್ಣೂ ಟಲ್ಲಿಯ ಬೂಟಿಗೆ ಹೋಯಿತು. ಅವನ ಮುಖಕ್ಕೆ ರಕ್ತ ಏರಿತು. ಬಂದು ಅವಳ ಕೆನ್ನೆಗೆ ಹೊಡೆದ. ಅವಳು ಗೋಡೆಗೆ ಬಡಿದು, ಮತ್ತೆ ನೆಟ್ಟಗೆ ನಿಂತಳು. ನಿಂತು ಎದೆಯ ಪಟ್ಟಿ ಬಿಚ್ಚತೊಡಗಿದಳು. ಬಕಲು ಬಿಗಿಯಾಗಿತ್ತು. ಹಲ್ಲಿನಿಂದ ಎಳೆದಳು.

ಪಟ್ಟಿ ಬಿಚ್ಚಿದ ಕೂಡಲೇ ಹೆಣ ಮುಂದಕ್ಕೆ ಬಾಗಿ ಅವಳ ಮೇಲೆ ಒರಗಿತು. ಅವನು ಆಳೆತ್ತರದ ಗಂಡಸು. ಅವಳ ಮೊಣಕಾಲು ಮಡಿಯಿತು. ಯಾರೂ ಹತ್ತಿರ ಬರಲಿಲ್ಲ. ಅವಳು ಯಾರನ್ನೂ ಕರೆಯಲಿಲ್ಲ. ನನ್ನನ್ನೂ ಕರೆಯಲಿಲ್ಲ.

ಅವಳು ಕರೆದಿದ್ದರೆ ಹೋಗುತ್ತಿದ್ದೆನೋ ಇಲ್ಲವೋ ಗೊತ್ತಿಲ್ಲ. ಕರೆಯದೆ ಇದ್ದದ್ದಕ್ಕೆ ಹೋದೆ. ಅವನ ಕಂಕುಳಿಗೆ ಕೈಹಾಕಿ ಎತ್ತಿದೆ. ತಣ್ಣಗಿದ್ದ. ನನ್ನ ಅಂಗಿಗೆ ಏನೋ ತೇವ ಹತ್ತಿತು.

"ನಾನ್ ಸುಳ್ಳು ಹೇಳ್ದೆ," ಅಂದೆ ಟಲ್ಲಿಗೆ. "ಇವ್ನು ನನ್ನ ಬಾಮೈದ. ನನ್ನೂ ಬರ್ಕೋ."

ಟಲ್ಲಿ ಪ್ರೆಂಟಿಸ್‌ನ ಮುಖ ನೋಡಿದ. ಅವರು ಇಂಗ್ಲಿಷಿನಲ್ಲಿ ಏನೋ ಆಡಿಕೊಂಡರು. ಪ್ರೆಂಟಿಸ್ ಉಗುಳಿ ನಗುತ್ತ ನಮ್ಮ ಕಡೆ ತಿರುಗಿದ.

"ತಗೊಂಡು ಹೋಗಿ. ಕೊಳೀತಾ ಇದೆ. ಎಲ್ಲಿ ಹೂಳ್ತೀರ? ನಿಮ್ಮ ಗೋರಿ ಎಲ್ಲ ಕಂಪನಿ ಜಾಗದಲ್ಲಿ ಇದೆ. ತಂತಿ ಮುಟ್ಟಿದವನಿಗೆ ಗುಂಡು. ಕಾನೂನು ಹಾಗೆ ಇದೆ." ಆಮೇಲೆ ನನಗೊಬ್ಬನಿಗೇ ಅಂತ ಹೇಳಿದ: "ನಾಯಿಗೆ ಹಾಕಿ ಪೆದ್ರೊ. ಸುಲಭ."

ಟಲ್ಲಿ ಅಂದ: "ಹೂತಾದ ಮೇಲೆ ಬಂದು ಹಿಡೀತೀನಿ. ಎಲ್ಲಿಗೆ ಓಡ್ತೀರ?"

ಹಲಗೆಯ ಸಮೇತ ಹೊತ್ತೆವು. ಬಡಗಿ ಯಾರದೋ ಎತ್ತಿನ ಗಾಡಿ ತಂದ. ಎತ್ತು ಯಾರೂ ಕೊಡಲಿಲ್ಲ. ನೊಗಕ್ಕೆ ಒಂದು ಕಡೆ ನಾನು, ಇನ್ನೊಂದು ಕಡೆ ಲಿಬ್ರಾದಾ. ಹಿಂದಿನಿಂದ ತಳ್ಳಲು ಬಡಗಿ. ಎಂಟು ಮೈಲಿ. ಮರಳಲ್ಲಿ ಗಾಲಿ ಹೂತುಕೊಳ್ಳುತ್ತಿತ್ತು. ನೊಗ ಹೆಗಲ ಚರ್ಮ ಕೀಳುತ್ತಿತ್ತು. ಅವಳ ಕೆನ್ನೆ ಊದಿ ಒಂದು ಕಣ್ಣು ಮುಚ್ಚಿಹೋಗಿತ್ತು.

"ಸ್ವಲ್ಪ ಕೂತ್ಕೋ," ಅಂದೆ ಒಂದು ಕಡೆ.

"ಕೂತ್ರೆ ಮತ್ತೆ ಏಳಾಕಾಗಲ್ಲ ಭಾವ. ಎಳಿ."

ಆ ಮಾತು ಪ್ರೆಂಟಿಸ್‌ನ ಬಾಯಿಂದ ಸಾವಿರ ಸಲ ಕೇಳಿದ್ದೆ. ಅವಳ ಬಾಯಿಂದ ಬಂದಾಗ ಕಾಲಿಗೆ ಶಕ್ತಿ ಬಂತು.

ಮೊದಲು ನಮ್ಮ ಹಿಂದೆ ಅತ್ತೆಯೊಬ್ಬಳೇ ಇದ್ದಳು. ನಾಲ್ಕು ಮೈಲಿಯ ಹೊತ್ತಿಗೆ ಗಂಟೆಯ ಮುದುಕ ಸೇರಿದ. ಆಮೇಲೆ ಹೆಂಗಸರು. ತಲೆ ತಗ್ಗಿಸಿಕೊಂಡೇ ಬಂದರು, ಗೊತ್ತಿಲ್ಲ ಅಂದವರೆಲ್ಲ. ಊರು ಮುಟ್ಟುವಾಗ ತಿರುಗಿ ನೋಡಿದರೆ ಮೂವತ್ತು ಮಂದಿ ಇದ್ದರು. ಯಾರೋ ಸನಿಕೆ ತಂದಿದ್ದರು. ಯಾರೂ ಊರೊಳಗೆ ತಿರುಗಲಿಲ್ಲ. ಗಾಡಿ ನೇರ ದಿಬ್ಬದ ಕಡೆ ನಡೆಯಿತು.

ಪ್ರೆಂಟಿಸ್ ಅಡ್ಡದಾರಿಯಲ್ಲಿ ಮೊದಲೇ ಬಂದಿದ್ದ. ತಂತಿಯಾಚೆ ಕುದುರೆಯ ಮೇಲೆ ಕೂತಿದ್ದ. ಜೊತೆಗೆ ಐವರು. ತೊಡೆಯ ಮೇಲೆ ಅಡ್ಡಲಾಗಿ ಬಂದೂಕು. ಇಳಿಬಿಸಿಲು ಅವರ ಬೆನ್ನಿಗಿತ್ತು, ನಮ್ಮ ಕಣ್ಣಿಗಿತ್ತು.

ಗಾಡಿ ನಿಂತಿತು. ನಾನು ನೊಗ ಇಳಿಸಿದೆ.

"ಪೆದ್ರೊ, ಅವರಿಗೆ ಹೇಳು. ವಾಪಸ್ ಹೋಗಲಿ."

ಬಿಗಿ ಕಂಬ ಎಲ್ಲಿದೆ ಅಂತ ನೋಡಿದೆ. ನಾನೇ ನೆಟ್ಟದ್ದು. ಕಾಲು ಮೈಲಿಯ ಎಳೆತ ಪೂರಾ ಆ ಒಂದು ಕಂಬದ ಮೇಲಿತ್ತು. ನಡುವೆ ಎಲ್ಲೋ ಕಡಿದರೆ ಒಂದು ಸಂದು ಬೀಳುತ್ತದೆ, ಅಷ್ಟೆ. ಬಿಗಿ ಕಂಬದಲ್ಲಿ ಕಡಿದರೆ ಕಾಲು ಮೈಲಿ ಬೇಲಿ ಮಲಗುತ್ತದೆ. ಸೊಂಟದಿಂದ ಇಕ್ಕಳ ತೆಗೆದೆ. ಕಂಪನಿಯ ಇಕ್ಕಳ. ಹಿಡಿಯ ಮೇಲೆ ಕಂಪನಿಯ ಮುದ್ರೆಯೂ ಇತ್ತು.

"ಪೆದ್ರೊ!"

"ಕುದ್ರೆ ಹಿಂದಕ್ ತಗೋ," ಅಂದೆ. "ತಂತಿ ಹಾರ್ತದೆ. ಕುದ್ರೆ ಪಾಪದ್ದು."

ಕೆಳಗಿನಿಂದ ಮೊದಲ ಎಳೆ ಕಡಿದೆ. ತಂತಿ ಸುಂಯ್ಯೆಂದು ಚೀರಿಕೊಂಡು ಬೇಲಿಯುದ್ದಕ್ಕೂ ಓಡಿತು. ಕುದುರೆಗಳು ಮುಂಗಾಲೆತ್ತಿದವು. ಒಬ್ಬ ಬಿದ್ದ. ಎರಡನೆಯ ಎಳೆ ಕಡಿದೆ.

ಪ್ರೆಂಟಿಸ್ ಬಂದೂಕು ಎತ್ತಿದ. ನನಗೇ ಗುರಿ ಇಟ್ಟಿದ್ದ. ಕುದುರೆ ಇನ್ನೂ ಕುಣಿಯುತ್ತಿತ್ತು. ಗುಂಡು ನನ್ನನ್ನು ತಪ್ಪಿ ಗಾಡಿಗೆ ಹೋಯಿತು. ದಪ್ ಅಂತ ಸದ್ದು. ಒದ್ದೆ ಚೀಲಕ್ಕೆ ಹೊಡೆದ ಹಾಗೆ.

ನಸಾರಿಯೊನ ಎದೆಗೆ ಬಿದ್ದಿತ್ತು. ಅಂಗಿಯಲ್ಲಿ ಹೊಸ ತೂತು. ರಕ್ತ ಬರಲಿಲ್ಲ.

ಅತ್ತೆ ಗಾಡಿಯ ಹತ್ತಿರ ಹೋದಳು. ಆ ತೂತಿಗೆ ಬೆರಳಿಟ್ಟು ನೋಡಿದಳು. ಆಮೇಲೆ ತಂತಿಯ ಕಡೆ ನಡೆದಳು. ಉಳಿದಿದ್ದ ಎರಡು ಎಳೆಗೆ ಎದೆ ತಾಕುವ ತನಕ ನಡೆದು ನಿಂತಳು. ಮುಳ್ಳು ಗೀರಿ ಅವಳ ಕರಿ ಶಾಲು ಹರಿಯಿತು.

"ನಿನ್ನೆ ಬೆನ್ನಿಗ್ ಹೊಡ್ದೆ. ಇವತ್ತು ಎದೆಗ್ ಹೊಡ್ದೆ," ಅಂದಳು. "ಬದುಕಿದ್ದಾಗ ಎದೆಗ್ ಹೊಡೆಯಾಕೆ ಧೈರ್ಯ ಬರ್ನಿಲ್ವೇನಪ್ಪಾ ನಿಂಗೆ?"

ಪ್ರೆಂಟಿಸ್‌ಗೆ ಎಷ್ಟು ಅರ್ಥವಾಯಿತೋ. ಅವನ ಜೊತೆಯವರಲ್ಲಿ ಇಬ್ಬರಿಗೆ ಪೂರ್ತಿ ಅರ್ಥವಾಯಿತು. ಅದು ಅವರ ಮುಖದಲ್ಲಿ ಕಂಡಿತು.

"ನಾನು ಇವ್ನ ತಾಯಿ," ಅಂದಳು ಅತ್ತೆ. "ಬೆಳಗ್ಗೆ ಅಲ್ಲ ಅಂದೆ. ಹೆತ್ತ ಮಗನ್ನ ಗೊತ್ತಿಲ್ಲ ಅನ್ನಿಸಿದ್ರಲ್ಲೋ ನನ್ ಬಾಯಲ್ಲಿ. ಅದಕ್ಕಿಂತ ಇನ್ನೇನ್ ಮಾಡೀಯ ನೀನು? ಹೊಡಿ. ಹತ್ರದಲ್ಲೇ ಇವ್ನಿ. ತಪ್ಪಾಕಿಲ್ಲ."

ಬಿದ್ದವನು ಎದ್ದು ಧೂಳು ಕೊಡವಿಕೊಂಡ. ಮತ್ತೆ ಕುದುರೆ ಹತ್ತಿ ಕಂಪನಿಯ ಮನೆಗಳ ಕಡೆ ತಿರುಗಿಸಿದ. ಅವನ ಹಿಂದೆ ಇನ್ನೊಬ್ಬ. ಪ್ರೆಂಟಿಸ್ ಅವರನ್ನು ಕೂಗಿದ. ಅವರು ನಿಲ್ಲಲಿಲ್ಲ.

ಲಿಬ್ರಾದಾ ನನ್ನ ಕೈಯಿಂದ ಇಕ್ಕಳ ತೆಗೆದುಕೊಂಡಳು. ಅವ್ವನ ಎದೆಯ ಮುಂದಿನ ಎರಡು ಎಳೆಯನ್ನು ಅವಳೇ ಕಡಿದಳು. ಅಭ್ಯಾಸವಿಲ್ಲದ ಕೈ. ನಾಲ್ಕು ಸಲ ಅದುಮಬೇಕಾಯಿತು. ಪ್ರತಿ ಸಲವೂ ಪ್ರೆಂಟಿಸ್‌ನ ಮುಖವನ್ನೇ ನೋಡುತ್ತಿದ್ದಳು. ನಾಲ್ಕನೆಯ ಎಳೆ ಹೋದಾಗ ಕಂಬಗಳು ಒಂದರ ಹಿಂದೊಂದು ವಾಲಿದವು. ಬೇಲಿ ಹುಲ್ಲಿನ ಮೇಲೆ ಮಲಗಿತು.

ಗಾಡಿ ಅದರ ಮೇಲೆ ಹಾದುಹೋಯಿತು. ಮೂವತ್ತು ಮಂದಿ ಹಾದುಹೋದೆವು. ಪ್ರೆಂಟಿಸ್‌ನ ಕುದುರೆಯ ಪಕ್ಕದಲ್ಲೇ ಹೋದೆವು. ಅವನು ಬಂದೂಕು ಹಿಡಿದುಕೊಂಡೇ ಇದ್ದ. ಹೆಂಗಸರು ಅವನು ಕಾಲಿಟ್ಟಿದ್ದ ರಿಕಾಪಿಗೆ ಮೈ ತಾಗಿಸಿಕೊಂಡು ನಡೆದರು. ಅವನು ಕಾಲು ಒಳಕ್ಕೆ ಎಳೆದುಕೊಂಡ.

ಪೌಲಾಳ ಪಕ್ಕದಲ್ಲಿ ಅಗೆದೆವು. ಅದೇ ಗಟ್ಟಿ ನೆಲ. ಸರದಿಯ ಮೇಲೆ ಅಗೆದೆವು. ಹೆಂಗಸರೂ ಅಗೆದರು. ಆಳೆತ್ತರ ತೋಡಿದೆವು. ಪಾದ್ರಿ ಇರಲಿಲ್ಲ, ಪೇಟೆಯ ಪಾದ್ರಿ ಬರುವುದಿಲ್ಲ ಅಂದಿದ್ದ. ಗಂಟೆಯ ಮುದುಕ ತನಗೆ ಬಂದಷ್ಟು ಪ್ರಾರ್ಥನೆ ಹೇಳಿದ. ಅರ್ಧಕ್ಕೆ ಮರೆತ. ಮತ್ತೆ ಮೊದಲಿಂದ ಹೇಳಿದ. ಬರಿಗಾಲಲ್ಲೇ ನಸಾರಿಯೊನನ್ನು ಇಳಿಸಿದೆವು. ಈ ಸಲ ಮಲಗಿಸಿದೆವು.

ಮಣ್ಣು ಮುಚ್ಚಿ ಏಳುವಾಗ ಟಲ್ಲಿ ದಿಬ್ಬದ ಕೆಳಗೆ ಬಂದು ನಿಂತಿದ್ದ. ನಾವಾಗಿಯೇ ಇಳಿದು ಹೋದೆವು. ಲಿಬ್ರಾದಾಳ ಕೈಗೆ ಹಾಕಿದ ಕೋಳ ದೊಡ್ಡದಾಯಿತು, ಜಾರಿ ಬಿತ್ತು. ಹಗ್ಗದಲ್ಲಿ ಕಟ್ಟಿದ.

ನ್ಯಾಯಾಧೀಶ ನನ್ನನ್ನು ಕೇಳಿದ, ಬೇಲಿ ಕಡಿದೆಯಾ ಅಂತ. "ಕಟ್ಟಿದ್ದೂ ನಾನೇ, ಕಡ್ದದ್ದೂ ನಾನೇ," ಅಂದೆ. "ಕಟ್ಟಿದ್ದಕ್ಕೆ ಶಿಕ್ಷೆ ಕೊಡಿ ಬೇಕಾದ್ರೆ." ದುಭಾಷಿ ಎರಡನೆಯ ಮಾತನ್ನು ಹೇಳಿದನೋ ಇಲ್ಲವೋ. ಲಿಬ್ರಾದಾಳನ್ನು ಕೇಳಿದ, ಡಕಾಯಿತನಿಗೆ ಊಟ ಕೊಟ್ಟೆಯಾ ಅಂತ.

"ನಮ್ಮಣ್ಣಂಗೆ ಕೊಟ್ಟೆ. ನಾಲ್ಕು ತಿಂಗ್ಳು. ಬಿಸಿ ರೊಟ್ಟೀನೇ ಕೊಟ್ಟೆ."

ತಪ್ಪಾಯಿತು ಅಂದರೆ ಬಿಡುತ್ತೇನೆ ಅಂದ. ಅವಳು ಅನ್ನಲಿಲ್ಲ. ಇಬ್ಬರಿಗೂ ಒಂದೊಂದು ವರ್ಷ.

ನಾನು ರಸ್ತೆಗೆ ಜಲ್ಲಿ ಒಡೆದೆ. ಅವಳಿಗೆ ಶೆರಿಫ್‌ನ ಆಳುಗಳ ಬಟ್ಟೆ ಒಗೆಯಲು ಹೇಳಿದರು. ಮೊದಲ ದಿನವೇ ಗಂಟು ಬಾಗಿಲಿಂದಾಚೆ ಎಸೆದಳಂತೆ. ಊಟ ನಿಲ್ಲಿಸಿದರು. ಮೂರು ದಿನ ನಿಲ್ಲಿಸಿದರು. ನಾಲ್ಕನೆಯ ದಿನ ಅವರೇ ತಟ್ಟೆ ತಂದಿಟ್ಟರು. ಬಟ್ಟೆ ಮಾತ್ರ ಮತ್ತೆ ತರಲಿಲ್ಲ. ಇದನ್ನು ಅವಳು ಹೇಳಲಿಲ್ಲ, ಅಲ್ಲಿ ಕಸ ಗುಡಿಸುವವಳು ಹೇಳಿದ್ದು.

ಅತ್ತೆ ಚಳಿಗಾಲದಲ್ಲಿ ಹೋದಳು. ನಾವು ಒಳಗಿದ್ದೆವು. ಬೇಲಿಯನ್ನು ಕಂಪನಿ ಮತ್ತೆ ಎತ್ತಿ ಕಟ್ಟಿತ್ತು. ಊರಿನ ಹೆಂಗಸರು ಅದನ್ನು ಕಡಿದು ಅತ್ತೆಯನ್ನು ಒಯ್ದರು. ಮತ್ತೆ ಕಟ್ಟಿದರು. ಫೆಬ್ರುವರಿಯಲ್ಲಿ ಗಂಟೆಯ ಮುದುಕ ಹೋದ. ಮತ್ತೆ ಕಡಿದರು. ಅಷ್ಟು ಮಂದಿಯನ್ನು ಹಾಕಲು ಜೈಲಿನಲ್ಲಿ ಜಾಗ ಇರಲಿಲ್ಲ.

ಆಗ ಕಂಪನಿಗೆ ದೊಡ್ಡ ಮನಸ್ಸು ಬಂತು. ನಾವು ಬಿಡುಗಡೆಯಾಗಿ ಬರುವ ಹೊತ್ತಿಗೆ ದಿಬ್ಬದ ಎದುರಿಗೆ ಒಂದು ಗೇಟು ಎದ್ದಿತ್ತು. ಒಳ್ಳೆಯ ಓಕ್ ಮರದ ಗೇಟು. ಕಬ್ಬಿಣದ ಕೀಲು, ಮುಷ್ಟಿಗಾತ್ರದ ಬೀಗ. ಪಕ್ಕದಲ್ಲಿ ಕಾವಲಿನವನು. ಪ್ರೆಂಟಿಸ್ ಹೋಗಿ ಬೇರೆಯವನು ಬಂದಿದ್ದ. ಹೊಸಬ ಒಳ್ಳೆಯವನೆಂದು ಪೇಟೆಯಲ್ಲಿ ಹೇಳುತ್ತಿದ್ದರು.

ಇಬ್ಬರೂ ಜೈಲಿನಿಂದ ನೇರ ಅಲ್ಲಿಗೇ ನಡೆದು ಬಂದಿದ್ದೆವು. ಲಿಬ್ರಾದಾ ಅವ್ವನ ಗೋರಿ ಇನ್ನೂ ನೋಡಿರಲಿಲ್ಲ. ನಾವು ಬಂದದ್ದು ಕಂಡು ಊರವರು ಮನೆಗಳಿಂದ ಹೊರಬಂದರು.

ಕಾವಲಿನವನು ಮರ್ಯಾದೆಯಾಗಿಯೇ ಮಾತಾಡಿದ. "ಆಫೀಸಿಗೆ ಹೋಗಿ ಕೇಳಿ. ಬೀಗದ ಕೈ ಅಲ್ಲಿದೆ. ಕೇಳಿದೋರಿಗೆ ಕೊಡ್ತಾರೆ. ಸಂಜೆಯೊಳಗೆ ವಾಪಸ್ ಕೊಟ್ಟರಾಯ್ತು."

"ಏನಂತ ಕೇಳ್ಬೇಕು?" ಅಂದಳು ಲಿಬ್ರಾದಾ.

"ದಯವಿಟ್ಟು ಕೊಡಿ ಅಂತ."

ಅವಳು ಗೇಟನ್ನು ಕೆಳಗಿಂದ ಮೇಲಕ್ಕೆ ನೋಡಿದಳು. ಮರವನ್ನು ಒಂದು ಸಲ ಸವರಿದಳು. "ಚೆನ್ನಾಗ್ ಮಾಡವ್ರೆ," ಅಂದಳು.

ಆಮೇಲೆ ಬಡಗಿಯ ಕಡೆ ಕೈ ಚಾಚಿದಳು. ಅವನು ಇಕ್ಕಳ ಕೊಟ್ಟ. ಅವಳು ಗೇಟಿನಿಂದ ಎಡಕ್ಕೆ ಐದು ಹೆಜ್ಜೆ ನಡೆದು ತಂತಿಯ ಮುಂದೆ ಕುಕ್ಕರಗಾಲಲ್ಲಿ ಕೂತಳು. ಈ ಸಲ ಎಲ್ಲಿ ಅದುಮಬೇಕೆಂದು ಗೊತ್ತಿತ್ತು. ಒಂದೊಂದು ಎಳೆಗೆ ಒಂದೊಂದೇ ಅದುಮು. ಕಾವಲಿನವನು ಏಯ್ ಏಯ್ ಅನ್ನುತ್ತ ಬಂದ. ನಮ್ಮನ್ನು ನೋಡಿದ, ಎಣಿಸಿದ, ಪಕ್ಕಕ್ಕೆ ಸರಿದ.

ನಾವು ಆ ಸಂದಿಯಲ್ಲಿ ದಾಟಿ ದಿಬ್ಬ ಹತ್ತಿದೆವು. ಮೇಲಿನಿಂದ ನೋಡಿದೆ. ಕಂಪನಿಯ ಗೇಟು ಬೀಗ ಹಾಕಿಕೊಂಡು ನಿಂತೇ ಇತ್ತು. ಅದರ ಪಕ್ಕದ ಸಂದಿಯಲ್ಲಿ ನಮ್ಮ ಊರಿನ ದನಗಳು ಸಾಲಾಗಿ ಹೊಳೆಗೆ ಹೋಗುತ್ತಿದ್ದವು.